ಪಡ್ಡು ಗಾಡಿಗೆ ಪರವಾನಗಿ

ವಿಮಾ ಕಚೇರಿಯಲ್ಲಿ ಮೂವತ್ತಾರು ವರ್ಷ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕಿ ನಿವೃತ್ತರಾದ ನಂಜುಂಡಯ್ಯನವರು ತಾವಾಗಿ ತಪ್ಪು ತುಂಬಿದ ಅರ್ಜಿ ಒಂದೇ ಒಂದು. ಅದೂ ಹೆಂಡತಿಯದು. ಅದೂ ಗೊತ್ತಿದ್ದೇ.

ಅವರ ಹೆಂಡತಿ ವೈದೇಹಿ ವಸ್ತ್ರಾಪುರ ಕೆರೆಯ ಬದಿ ಬೆಳಿಗ್ಗೆ ಆರರಿಂದ ಹತ್ತರವರೆಗೆ ತಳ್ಳುಗಾಡಿಯಲ್ಲಿ ಪಡ್ಡು ಹುಯ್ಯುತ್ತಾರೆ. ವರ್ಗವಾದ ಊರಿಗೆಲ್ಲ ಪಾತ್ರೆಪಡಗ ಕಟ್ಟಿಕೊಂಡು ಗಂಡನ ಹಿಂದೆ ತಿರುಗಿದ ಹೆಂಗಸು, ಕೊನೆಗೆ ಅಹಮದಾಬಾದಿನಲ್ಲಿ ನೆಲೆ ನಿಂತ ಮೇಲೆ, “ಇನ್ಮೇಲೆ ನಂದೂ ಒಂದು ಆಫೀಸು” ಎಂದು ಗಾಡಿ ಹಾಕಿದರು. ಕೆರೆ ಸುತ್ತಿ ಬೊಜ್ಜು ಕರಗಿಸಿದವರು ಅಲ್ಲಿ ಸಾಲು ನಿಂತು ಅದನ್ನು ವಾಪಸು ಪಡೆಯುತ್ತಾರೆ.

ಬೆಳಗಿನ ಜಾವ ಚಟ್ನಿ ರುಬ್ಬಿಕೊಡುವುದು ನಂಜುಂಡಯ್ಯನವರೇ, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು. ಹೊಸಿಲು ದಾಟಿದರೆ ಆ ಗಾಡಿಯ ಪರಿಚಯ ಅವರಿಗಿಲ್ಲ. ಅಪಾರ್ಟ್‌ಮೆಂಟಿನ ಕೆಳಗೆ ಅದಕ್ಕೆ ಕಾರಿನ ಕವರು ಹೊದಿಸಿ ನಿಲ್ಲಿಸುವ ಏರ್ಪಾಡೂ ಅವರದೇ. ಸೈಕಲ್ ಗಾಲಿಯ ಆ ಕಾರನ್ನು ನೋಡಿ ನಗುವುದನ್ನು ವಾಚ್‌ಮನ್ ಕೂಡ ಬಿಟ್ಟು ವರ್ಷವಾಗಿತ್ತು.

ಆರೋಗ್ಯ ಪರವಾನಗಿ ಇಲ್ಲದ ಗಾಡಿಗಳನ್ನು ಒಂದನೇ ತಾರೀಕಿನಿಂದ ಎತ್ತಿಕೊಂಡು ಹೋಗುತ್ತಾರೆಂಬ ಸುದ್ದಿ ಬಂತು.

“ರೀ, ಒಂದು ಅರ್ಜಿ ಹಾಕ್ಕೊಡಿ. ನೀವಾದ್ರೆ ಕಣ್ಮುಚ್ಚಿ ತುಂಬ್ತೀರಿ,” ಎಂದರು ವೈದೇಹಿ.

ಮೊಬೈಲಿನಲ್ಲಿ, ಕಣ್ಣು ತೆರೆದೇ ತುಂಬಿದರು. ‘ಯಾವ ಬಗೆಯ ವ್ಯಾಪಾರ’ ಎಂಬಲ್ಲಿ ಹೋಟೆಲು, ಕ್ಯಾಂಟೀನು, ಕೇಟರಿಂಗು ಎಲ್ಲ ದಾಟಿ ಕೊನೆಯಲ್ಲಿ ‘ಬೀದಿ ಬದಿ ವ್ಯಾಪಾರಿ’ ಇತ್ತು. ಬೆರಳು ಅಲ್ಲಿಯವರೆಗೆ ಹೋಗಿ, ಕಾದ ಕಾವಲಿ ಮುಟ್ಟಿದಂತೆ ಹಿಂದೆ ಬಂತು. ಹಳೆಯ ಸಹೋದ್ಯೋಗಿ ಅನಂತರಾಮ ಯುಗಾದಿಯ ಊಟದಲ್ಲಿ ಹೆಂಡತಿಯ ವಿಷಯ ಕೇಳಿದಾಗ, “ನಮ್ಮನೆಯವರು ಕೇಟರಿಂಗ್ ಲೈನಲ್ಲಿದಾರೆ” ಎಂದು ಹೇಳಿಯಾಗಿತ್ತು. ಆಡಿದ ಮಾತಿಗೆ ತಪ್ಪಬಾರದಲ್ಲ. ಕೇಟರಿಂಗ್ ಒತ್ತಿದರು.

ತಪಾಸಣೆಗೆ ನಿಕಿತಾ ಎಂಬ ಅಧಿಕಾರಿ ನೇರ ಮನೆಗೇ ಬಂದಳು. “ನಿಮ್ಮ ದೊಡ್ಡ ಅಡುಗೆಕೋಣೆ ಎಲ್ಲಿದೆ? ಅಡುಗೆಯವರು ಎಷ್ಟು ಜನ?” ಎಂದು ಹಿಂದಿಯಲ್ಲಿ ಕೇಳಿದಳು.

ವೈದೇಹಿ ಗ್ರೈಂಡರಿನ ಪಕ್ಕ ಕಕ್ಕಾಬಿಕ್ಕಿಯಾಗಿ ನಿಂತರು. “ನಾನು ಪಡ್ಡು ಗಾಡಿಯವಳು ಕಣಮ್ಮ.”

“ಹಾಗಿದ್ರೆ ಈ ಅರ್ಜಿ ನಡೆಯೋಲ್ಲ. ಹೊಸದು ಹಾಕಿ. ಅಲ್ಲೀವರೆಗೆ ಗಾಡಿ ಹೊರಗೆ ತೆಗೀಬೇಡಿ.”

ಅವಳು ಹೋದ ಮೇಲೆ ವೈದೇಹಿ ಕೇಳಿದರು: “ಅದರಲ್ಲಿ ಗಾಡಿ ಅಂತ ಇರ್ಲಿಲ್ವಾ?”

“ಇತ್ತು.”

ಬೈದಿದ್ದರೆ ನಂಜುಂಡಯ್ಯನವರು ಬದುಕಿಕೊಳ್ಳುತ್ತಿದ್ದರು. ವೈದೇಹಿ ನಾಳೆಗೆಂದು ರುಬ್ಬಿದ್ದ ಹಿಟ್ಟನ್ನು ಡಬ್ಬಿಗಳಿಗೆ ತುಂಬಿ ಮನೆಮನೆಗೆ ಕೊಟ್ಟು ಬಂದರು. ಯಾಕೆ ಎಂದು ಕೇಳಿದವರಿಗೆಲ್ಲ “ಹೆಚ್ಚಾಯ್ತು” ಎಂದರು.

ಎರಡನೆಯ ಅರ್ಜಿಯಲ್ಲಿ ಬೆರಳು ಸರಿಯಾದಲ್ಲಿ ಒತ್ತಿತು. ಹನ್ನೆರಡು ದಿನದ ಮೇಲೆ, ತಪಾಸಣೆಗೆಂದು ಗಾಡಿ ಕೆರೆ ಬದಿಗೆ ಬಂತು. ನಂಜುಂಡಯ್ಯನವರೂ ಬಂದರು, ಇಪ್ಪತ್ತು ಹೆಜ್ಜೆ ಆಚೆ, ಬೇವಿನ ಮರದ ಕೆಳಗೆ, ವಾಕಿಂಗ್ ಶೂ ಹಾಕಿಕೊಂಡು ನಿಂತಲ್ಲೇ ಕೈ ಬೀಸುತ್ತಿದ್ದರು. ನಿಕಿತಾ ನೀರಿನ ಡ್ರಮ್ಮಿನ ಮುಚ್ಚಳ, ಕಸದ ಬುಟ್ಟಿ, ವೈದೇಹಿಯವರ ತಲೆಯ ಟೋಪಿ, ಡಾಕ್ಟರ ಸರ್ಟಿಫಿಕೇಟು ಎಲ್ಲ ನೋಡಿದಳು.

“ತಿಂಡಿ ಕೆಲಸಕ್ಕೆ ಕೈ ಹಾಕೋರು ಬೇರೆ ಯಾರಾದ್ರೂ ಇದಾರಾ?”

“ನಾನೊಬ್ಬಳೇ.”

“ಅಲ್ಲಿಂದ ನಮ್ಮನ್ನೇ ನೋಡ್ತಿದಾರಲ್ಲ, ಆ ಕಾಕಾ ಯಾರು?”

ವೈದೇಹಿ ತಿರುಗಿಯೂ ನೋಡಲಿಲ್ಲ. “ಅವರಾ? ಗಿರಾಕಿ.”

ಅದರಲ್ಲಿ ಕೊಂಕಿರಲಿಲ್ಲ. ಗಂಡನ ಮರ್ಯಾದೆಯನ್ನು ಮೂವತ್ತು ವರ್ಷ ಇಸ್ತ್ರಿ ಮಾಡಿದ ಅಭ್ಯಾಸದಲ್ಲೇ ಇದನ್ನೂ ಮಾಡಿದ್ದರು. ಮಾತು ಬೇವಿನ ಮರದವರೆಗೂ ಕೇಳಿಸಿತು; ನಂಜುಂಡಯ್ಯನವರ ಮುಖ ಕಿವಿಯವರೆಗೆ ಬಿಸಿಯಾಯಿತು. ನೇರ ಗಾಡಿಯ ಹತ್ತಿರ ನಡೆದು, ಬೀಳ್ಕೊಡುಗೆ ಭಾಷಣಕ್ಕೆ ನಿಂತವರಂತೆ ಗಂಟಲು ಸರಿಮಾಡಿಕೊಂಡರು.

“ನಾನು ಇವರ ಯಜಮಾನ. ಚಟ್ನಿ ರುಬ್ಬೋದು ನಾನೇ.”

ಹೂಮಳೆಯೇನೂ ಆಗಲಿಲ್ಲ. ನಿಕಿತಾ ಪೆನ್ನಿನ ಕ್ಯಾಪು ಮುಚ್ಚಿದಳು. “ನಿಮ್ಮ ಮೆಡಿಕಲ್ ಸರ್ಟಿಫಿಕೇಟು?”

“ಇಲ್ಲ.”

“ಅದನ್ನ ತಗೊಂಡ್ಬನ್ನಿ. ಆಮೇಲೆ ಪರವಾನಗಿ.”

ಅವಳ ಸ್ಕೂಟರು ಮರೆಯಾದ ಮೇಲೆ ವೈದೇಹಿ ಒಲೆ ಆರಿಸಿದರು. “ಇಷ್ಟು ದಿನ ಬಾರದ ಪೌರುಷ ಇವತ್ತೇ ಬರಬೇಕಿತ್ತಾ?”

ಮರುದಿನ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ, ಕಡಲೆಕಾಯಿ ಮಾರುವವನ ಮುಂದೆ ನಂಜುಂಡಯ್ಯನವರು ನಿಂತಿದ್ದರು. ಡಾಕ್ಟರು ಏನು ಕೆಲಸ ಎಂದು ಕೇಳಿದರು. ಇವರು ಏನೋ ಗೊಣಗಿದರು.

“ಗಟ್ಟಿಯಾಗಿ ಹೇಳಿ ಕಾಕಾ.”

“ಪಡ್ಡು ಗಾಡಿ.”

“ಕೈ ಚಾಚಿ. ಇಷ್ಟುದ್ದ ಉಗುರಿಟ್ಕೊಂಡು ಜನಕ್ಕೆ ತಿಂಡಿ ಕೊಡ್ತೀರಾ?”

ಹಿಂದಿದ್ದ ಕಡಲೆಕಾಯಿಯವನು ತನ್ನ ನೇಲ್‌ಕಟರು ಕೊಟ್ಟ. ಎಷ್ಟೋ ಜನರ ಅರ್ಜಿಯನ್ನು ‘ಅಪೂರ್ಣ’ ಎಂದು ಹಿಂದಿರುಗಿಸಿದ್ದ ಕೈಯ ಉಗುರುಗಳು ಒಂದೊಂದಾಗಿ ಕರವಸ್ತ್ರದ ಮೇಲೆ ಬಿದ್ದವು.

ನಾಲ್ಕು ದಿನದ ಮೇಲೆ ಪರವಾನಗಿ ಬಂತು. ವೈದೇಹಿ ಅದನ್ನು ಗಾಡಿಗೆ ಅಂಟಿಸಿದರು. ಮೊದಲ ದಿನವೇ ಹಳೆಯ ಗಿರಾಕಿಯೊಬ್ಬರು ಕೇಳಿದರು: “ಎಲ್ಲಿ ಹೋಗಿದ್ರಿ ವೈದೇಹಿಬೆನ್, ಇಷ್ಟು ದಿನ ಕಾಣಲೇ ಇಲ್ಲ?”

“ಅರ್ಜೀಲಿ ಏನೋ ಸಣ್ಣ ತಪ್ಪಾಗಿತ್ತು,” ಎಂದರು ವೈದೇಹಿ.

ಯಾರ ತಪ್ಪು ಎಂದು ಹೇಳಲಿಲ್ಲ. ಪಕ್ಕದಲ್ಲಿ ಟೋಪಿ ಹಾಕಿಕೊಂಡು ಚಟ್ನಿ ಬಡಿಸುತ್ತಿದ್ದವರು ತಲೆ ಎತ್ತಲಿಲ್ಲ.