ಚೆಲ್ಲಿಹೋದ ನವಸಾಗರದ ನೀರು

ನಮ್ಮ ನಾಜಿಯಾಳ ಮಕ್ಕಳಿಗೆ ಫಸ್ಟ್ ಬಂತು! ಮಕ್ಕಳು ಅಂದರೆ ಹೆತ್ತ ಮಕ್ಕಳಲ್ಲ, ಅವಳಿಗಿನ್ನೂ ಮದುವೆಯೇ ಆಗಿಲ್ಲ. ಜಗಳೂರಿನ ಹೈಸ್ಕೂಲಿನಲ್ಲಿ ಅವಳು ವಿಜ್ಞಾನ ಹೇಳಿಕೊಡುವ ಮಕ್ಕಳು. ನಾಜಿಯಾ ನನ್ನ ಮಗಳ ಮಗಳು. ವಿಜ್ಞಾನ ಮೇಳದಲ್ಲಿ ಅವಳ ಇಬ್ಬರು ಹುಡುಗಿಯರು ನೀರಿಗೆ ನವಸಾಗರ ಅನ್ನುವ ಬಿಳೀ ಉಪ್ಪು ಕರಗಿಸಿ, ಕರೆಂಟಿಲ್ಲದೆ, ಐಸಿಲ್ಲದೆ ತಣ್ಣಗೆ ಮಾಡಿ ತೋರಿಸಿದರಂತೆ. ಆಮೇಲೆ ಆ ನೀರನ್ನು ಒಣಗಿಸಿ ನವಸಾಗರವನ್ನು ವಾಪಸ್ ತೆಗೆದರಂತೆ. ಫೋನು ಬಂದಾಗ ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಎದ್ದ ಭರಕ್ಕೆ ಮೊರದ ಕಾಳೆಲ್ಲ ನೆಲದ ಪಾಲಾಯಿತು. ಚನ್ನಗಿರಿಯ ನಮ್ಮ ಬೀದಿಯಲ್ಲಿ ಈಗ ಈ ಸುದ್ದಿ ಗೊತ್ತಿಲ್ಲದ ಮನೆಯಿಲ್ಲ. ನಾನೇ ಹೋಗಿ ಹೇಳಿ ಬಂದೆ.

ಹೇಳಿ ಬಂದು ಕೂತ ಮೇಲೆ ಯಾಕೋ ಅಳು ಬಂತು. ನವಸಾಗರದ ಹೆಸರು ಕೇಳಿದರೆ ನನಗೆ ಹಾಗೇ. ಏಳನೇ ಕ್ಲಾಸಿಗೆ ಓದು ಬಿಟ್ಟವಳು ನಾನು, ಬರೆದು ರೂಢಿಯಿಲ್ಲ. ಆದರೂ ಇವತ್ತು ಬರೆದೇಬಿಡುತ್ತೇನೆ.

ಆಗೆಲ್ಲ ಮನೆಮನೆಯಲ್ಲೂ ತಾಮ್ರ ಹಿತ್ತಾಳೆಯ ಪಾತ್ರೆಗಳೇ. ಒಳಗಡೆ ತವರದ ಕಲಾಯಿ ಇಲ್ಲದಿದ್ದರೆ ಹುಳಿಸಾರು ಕಿಲುಬು ಹಿಡಿಯುತ್ತಿತ್ತು, ನಿಮಗೂ ನೆನಪಿರಬಹುದು. ನಮ್ಮ ಅಬ್ಬಾ ಕಲಾಯಿ ಹಾಕುವವರು. ನ್ಯಾಮತಿಯಲ್ಲಿ ನಮ್ಮ ಮನೆ. ಬೇವಿನ ಮರದ ಕೆಳಗೆ ಗುಂಡಿ ತೋಡಿ, ಇದ್ದಿಲು ತುಂಬಿ, ಅಬ್ಬಾ ಕೂರುತ್ತಿದ್ದರು. ಶಾಲೆ ಬಿಟ್ಟ ತಕ್ಷಣ ಒಂದು ಕೈಯಲ್ಲಿ ಮಂಡಕ್ಕಿ ಹಿಡಿದು ಇನ್ನೊಂದು ಕೈಯಲ್ಲಿ ಬೆಂಕಿಗೆ ಗಾಳಿಯೂದುವ ತಿದಿ ಒತ್ತುವುದು ನನ್ನ ಕೆಲಸ. ಕಾದ ಪಾತ್ರೆಗೆ ಅಬ್ಬಾ ತವರ ತಾಗಿಸಿ, ಚಿಟಿಕೆ ನವಸಾಗರದ ಪುಡಿ ಎರಚಿ, ಅರಳೆಯಿಂದ ಒಂದು ಸುತ್ತು ಒರೆಸಿದರೆ ಸಾಕು, ಬುಸ್ಸೆಂದು ಬಿಳೀ ಹೊಗೆ ಎದ್ದು ಕರಿ ಪಾತ್ರೆ ಬೆಳ್ಳಿಯಾಗುತ್ತಿತ್ತು. ಆ ಹೊಗೆಯ ಘಾಟು ನನ್ನ ಲಂಗದಿಂದ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡು "ಕಲಾಯಿ ಬಂತು, ಕಲಾಯಿ ಬಂತು" ಅನ್ನುತ್ತಿದ್ದರು.

ಬೇಸಿಗೆಯಲ್ಲಿ ಅಬ್ಬಾ ನನಗೊಂದು ಆಟ ಮಾಡಿ ತೋರಿಸುತ್ತಿದ್ದರು. ಪಿಂಗಾಣಿ ಬೋಗುಣಿಯ ನೀರಿಗೆ ನವಸಾಗರ ಸುರಿದು ಕಲಕಿ, ಅದರೊಳಗೆ ಕುಡಿಯುವ ನೀರಿನ ಗ್ಲಾಸು ಇಡುವುದು. ಸ್ವಲ್ಪ ಹೊತ್ತಿಗೆ ಗ್ಲಾಸಿನ ನೀರು ಬಾವಿಯ ನೀರಿಗಿಂತ ತಣ್ಣಗಾಗುತ್ತಿತ್ತು. ಬೋಗುಣಿಯ ನೀರನ್ನು ಮಾತ್ರ ಚೆಲ್ಲುವಂತಿರಲಿಲ್ಲ. ತಟ್ಟೆಗೆ ಹರವಿ ಬಿಸಿಲಿಗಿಟ್ಟರೆ ಎರಡು ದಿನದಲ್ಲಿ ನೀರು ಆರಿ, ಕೋಳಿಗರಿ ಹರಡಿದ ಹಾಗೆ ಬಿಳಿ ಬಿಳಿ ನವಸಾಗರ ತಟ್ಟೆ ತುಂಬಾ ಮೂಡುತ್ತಿತ್ತು. ಅದನ್ನು ಕೆರೆದು ಮತ್ತೆ ಚೀಲಕ್ಕೆ.

ಏಳನೇ ಕ್ಲಾಸಿನಲ್ಲಿ ವಿಜ್ಞಾನದ ಮೇಷ್ಟ್ರು ದ್ರಾವಣದ ಪಾಠ ಮಾಡಿದರು. ಒಂದು ಬೀರುವೇ ನಮ್ಮ ಪ್ರಯೋಗಶಾಲೆ. ಉಪ್ಪು ಕರಗಿಸಿದೆವು, ಸಕ್ಕರೆ ಕರಗಿಸಿದೆವು, ಸೀಮೆಸುಣ್ಣ ಕರಗದೆ ತಳಕ್ಕೆ ಕೂತಿತು. ಉಪ್ಪುನೀರಿನಲ್ಲಿ ಕೋಳಿಮೊಟ್ಟೆ ತೇಲಿದಾಗ ಎಲ್ಲರೂ ಚಪ್ಪಾಳೆ. "ಕರಗಿದ್ದು ಎಲ್ಲಿಗೂ ಹೋಗಲ್ಲ ಕಣ್ರೋ, ನೀರೊಳಗೇ ಇರ್ತೈತೆ" ಅಂದು ಮೇಷ್ಟ್ರು ಅದನ್ನೇ ಪುಸ್ತಕದಲ್ಲಿ ಬರೆಸಿದರು. ನಾನು ಎದ್ದು ನಿಂತು ನಮ್ಮ ಅಬ್ಬಾನ ಬೋಗುಣಿಯ ಕತೆ ಹೇಳಿದೆ. ಅವತ್ತು ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ.

ಎರಡು ದಿನ ಬಿಟ್ಟು ಮೇಷ್ಟ್ರು ನನ್ನನ್ನು ಹೊರಗೆ ಕರೆದರು.

"ಖೈರೂ, ಶುಕ್ರವಾರ ಇನ್‌ಸ್ಪೆಕ್ಟರ್ ಬರ್ತಾರೆ. ಶಾಲೆ ಬಾಟ್ಲೀಲಿ ನವಸಾಗರ ಖಾಲಿಯಾಗೈತೆ. ನಿಮ್ಮಪ್ಪಂದು ತಗಂಡು ಬಾ. ದೊಡ್ಡ ಜಾಡಿ ನೀರು ತಣ್ಣಗೆ ಮಾಡಿ ತೋರಿಸ್ಬೇಕು, ಜಾಸ್ತೀನೇ ಬೇಕು."

"ಅಬ್ಬಾಗೆ ಸೋಮವಾರ ಹೊನ್ನಾಳಿ ಮದುವೆ ಮನೆ ಕೆಲಸ ಐತೆ ಸಾರ್. ಹಂಡೆ, ಕೊಪ್ಪರಿಗೆ ಎಲ್ಲ."

"ಅಷ್ಟರಾಗೆ ಒಣಗಿಸಿದ್ರಾತು. ನಿಮ್ಮಪ್ಪಂಗೆ ನಾನೇ ಹೇಳ್ತೀನಿ. ನಿನ್ನ ಪುಡಿ ನಿನಗೆ."

ಮೇಷ್ಟ್ರು ಹೇಳುತ್ತೇನೆ ಅಂದ ಮೇಲೆ ಹೇಳಿದ ಹಾಗೇ ಅಂತ ನಂಬಿದೆ. ಚೀಲದಲ್ಲಿ ತಳಕ್ಕಷ್ಟು ಬಿಟ್ಟು ಉಳಿದದ್ದನ್ನೆಲ್ಲ ಡಬ್ಬಿಗೆ ಸುರಿದುಕೊಂಡು ಹೋದೆ.

ಶುಕ್ರವಾರ ಜಾಡಿ ಮುಟ್ಟಿದ ಇನ್‌ಸ್ಪೆಕ್ಟರು ಕೈ ಹಿಂದಕ್ಕೆಳೆದುಕೊಂಡರು. "ಐಸ್ ಹಾಕೀರೇನ್ರೀ ಮೇಷ್ಟ್ರೇ?" ಎಂದು ನಕ್ಕು, "ಈ ನವಸಾಗರ ಎಲ್ಲಿಂದ ತರಿಸಿದ್ರಿ?" ಅಂದರು. ನಾನು ಮೊದಲನೇ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತೆ.

"ಶಾಲೆ ದಾಸ್ತಾನಿಂದೇ ಸಾರ್" ಅಂದರು ಮೇಷ್ಟ್ರು.

ಹೋಗಲಿ, ದೊಡ್ಡವರ ಮುಂದೆ ಹಾಗೆ ಹೇಳಬೇಕೇನೋ ಅಂದುಕೊಂಡೆ. ಶನಿವಾರ ಬೆಳಿಗ್ಗೆ ಮನೆಯಿಂದ ಎರಡು ಪಿಂಗಾಣಿ ತಟ್ಟೆ ಹಿಡಿದು ಹೋದರೆ, ಜಾಡಿ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿತ್ತು.

"ನೀರು ಎಲ್ಲಿ ಸಾರ್?"

"ಯಾವ ನೀರು? ಅದಾ? ಚೆಲ್ಲಿಸ್ದೆ. ಕ್ಲಾಸಿಗೆ ಹೋಗು."

ಹಿಂದಿನ ಮೋರಿಯ ಹತ್ತಿರ ಓಡಿದೆ. ಚಪ್ಪಡಿ ಕಲ್ಲಿನ ಮೇಲೆ ಅಲ್ಲಲ್ಲಿ ಬಿಳೀ ಗರಿ ಮೂಡಿದ್ದವು. ಹಂಚಿನ ಚೂರಿನಿಂದ ಕೆರೆದೆ, ಪುಸ್ತಕದ ಹಾಳೆ ಹರಿದು ಕಟ್ಟಿಕೊಂಡೆ. ಪುಡಿಗಿಂತ ಮಣ್ಣೇ ಹೆಚ್ಚಿತ್ತು.

ಭಾನುವಾರ ಸಂಜೆ ಅಬ್ಬಾ ಚೀಲ ಬಿಚ್ಚಿದರು. ನಾನು ಆ ಪೊಟ್ಟಣ ಮುಂದಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಬ್ಬಾ ಬೈಯಲಿಲ್ಲ. ಟೋಪಿ ಸರಿಮಾಡಿಕೊಂಡು, "ನಡಿ, ಮೇಷ್ಟ್ರು ಏನಾದ್ರೂ ದಾರಿ ಮಾಡ್ತಾರೆ" ಅಂತ ನನ್ನ ಕೈ ಹಿಡಿದು ಅವರ ಮನೆಗೆ ಕರೆದುಕೊಂಡು ಹೋದರು. ಮೇಷ್ಟ್ರೆಂದರೆ ಅಬ್ಬಾಗೆ ಅಷ್ಟು ಭಕ್ತಿ.

ಮೇಷ್ಟ್ರು ಜಗುಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ನನ್ನ ಮುಖ ನೋಡಲಿಲ್ಲ.

"ಏನ್ ಸಾಬ್ರೇ, ಒಂದು ಹುಡುಗಿ ಹತ್ರ ನಾನ್ಯಾಕೆ ನವಸಾಗರ ಕೇಳ್ಲಿ? ಶಾಲೇಲಿ ಇಲ್ವಾ? ಮಕ್ಕಳು, ಆಟಕ್ಕೆ ತಗಂಡಿರ್ತವೆ. ಕರಗಿ ಹೋಗಿದ್ದು ಹೋಯ್ತು, ಇನ್ನೆಲ್ಲಿ ಬರ್ತೈತೆ?"

ಕರಗಿದ್ದು ಎಲ್ಲಿಗೂ ಹೋಗಲ್ಲ ಅಂತ ಬರೆಸಿದ ಬಾಯಿ ಅದು! ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯ ಅವರದೇ ಗುರುತಿತ್ತು. ಅಬ್ಬಾ ನನ್ನ ತಲೆ ಬಗ್ಗಿಸಿ, "ತಪ್ಪಾತು ಅನ್ನು" ಅಂದರು. ಅಂದೆ.

ದಾರಿಯಲ್ಲಿ ಅಬ್ಬಾ ಒಂದೇ ಮಾತಾಡಿದರು. "ಕೇಳಿದ್ರೆ ಕೊಡ್ತಿದ್ನಲ್ಲ ಬೇಟಿ. ಸುಳ್ಳು ಯಾಕೆ ಹೇಳ್ದೆ, ಅದೂ ಮೇಷ್ಟ್ರ ಮೇಲೆ?"

ಹೊಡೆದಿದ್ದರೆ ಮರೆಯುತ್ತಿದ್ದೆ. ಮೇಷ್ಟ್ರ ಸುಳ್ಳಿಗಿಂತ ಅಬ್ಬಾ ಅದನ್ನು ನಂಬಿದ್ದು ನನಗೆ ಇವತ್ತಿಗೂ ನೋಯುತ್ತದೆ. ಸೋಮವಾರದ ಕೆಲಸ ಬೇರೆಯವರ ಪಾಲಾಯಿತು. ಚೀಲ ನನ್ನ ಕೈಗೆಟುಕದ ಗೂಟಕ್ಕೆ ಏರಿತು. ತಿದಿ ಒತ್ತಲು ಹೋದರೆ "ಬೇಡ, ಓದ್ಕೋ ಹೋಗು" ಅನ್ನುತ್ತಿದ್ದರು. ಆ ವರ್ಷ ಪಾಸಾದೆ. ಎಂಟಕ್ಕೆ ಹೋಗುತ್ತೀಯಾ ಅಂದಾಗ ನಾನೇ ಒಲ್ಲೆ ಅಂದೆ. ಅದೇ ಮೇಷ್ಟ್ರು ಪಾಠ ಮಾಡುವ ಶಾಲೆ. ಯಾಕೆ ಅಂತ ಅಬ್ಬಾ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಸ್ಟೀಲು ಬಂತು. ಕಲಾಯಿ ಕೇಳುವವರು ಇಲ್ಲವಾದರು. ನಾನು ಮದುವೆಯಾಗಿ ಚನ್ನಗಿರಿಗೆ ಬಂದೆ. ಅಬ್ಬಾ ಹೋದರು, ನಾನು ಸುಳ್ಳು ಹೇಳಿದ್ದೆ ಅಂತಲೇ ತಿಳಿದುಕೊಂಡು ಹೋದರು. ನಾಜಿಯಾ ಟೀಚರ್ ಆದ ದಿನ ಇದನ್ನೆಲ್ಲ ಅವಳಿಗೊಬ್ಬಳಿಗೆ ಹೇಳಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯ ಬಸ್ಸಿಗೆ ನಾಜಿಯಾ ಬಂದಳು. ಮಗಳು ಖುಷ್ಕಾ, ದಾಲ್ಚಾ ಮಾಡಿದ್ದಳು, ಅಳಿಯ ಅಂಗಡಿ ಬೇಗ ಮುಚ್ಚಿ ಬಂದಿದ್ದ. ಎಲ್ಲ ಊಟಕ್ಕೆ ಹಾಸಿದ ದಸ್ತರ್‌ಖಾನಿನ ಸುತ್ತ ಕೂತಾಗ ನಾಜಿಯಾ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಮೇಳದಲ್ಲಿ ಅವಳ ಹುಡುಗಿಯರು ಬರೆದ ಚಾರ್ಟು. ಕೆಳಗೆ ದಪ್ಪ ಅಕ್ಷರದಲ್ಲಿ, "ಈ ಪ್ರಯೋಗ ಕಲಿಸಿದವರು: ನ್ಯಾಮತಿಯ ಕಲಾಯಿ ಕೆಲಸಗಾರರು ಮತ್ತು ಅವರ ಮಗಳು ಖೈರುನ್ನೀಸಾ." ಆಮೇಲೆ ಬ್ಯಾಗಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಕೈಯಲ್ಲಿಟ್ಟಳು. ಬಿಚ್ಚಿದರೆ ಬಿಳೀ ಗರಿಗಳು, ಒಂದು ಚೂರೂ ಮಣ್ಣಿಲ್ಲ.

"ನಾನಿ, ನಿನ್ನ ಪುಡಿ ನಿನಗೆ."

ಇದನ್ನು ಹಾಕಿಡಲು ಈಗ ಚೀಲವಿಲ್ಲ, ಎರಚಲು ಕಾದ ಪಾತ್ರೆಯಿಲ್ಲ, ತೋರಿಸಲು ಅಬ್ಬಾ ಇಲ್ಲ. ಗರಿಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದೆ.

"ಅಮ್ಮೀ, ಆ ಕೈಯಲ್ಲೇ ಊಟ ಮಾಡಬೇಡ, ತೊಳ್ಕೊಂಡು ಬಾ" ಅಂತ ಮಗಳು ಗದರಿದಳು. ಎದ್ದು ಕೈ ತೊಳೆದೆ. ಬೆರಳಿಗಂಟಿದ್ದ ಬಿಳಿ ಪುಡಿ ನೀರಿನ ಜೊತೆ ಮೋರಿಗೆ ಹೋಯಿತು. ಹೋಗಲಿ ಅಂತ ಬಿಟ್ಟೆ, ಬಂದು ನಾಜಿಯಾಳ ಪಕ್ಕ ಕೂತೆ. ಎಲ್ಲರೂ ಒಂದೇ ತಟ್ಟೆಗೆ ಕೈ ಹಾಕಿದೆವು.