ಚಾರ್ಜಿಗಿಟ್ಟ ಫೋನುಗಳ ಬೆನ್ನು ಹತ್ತಿ

ಕೊರೊನಾದ ಎರಡನೇ ವರ್ಷ. ಲಾಕ್‌ಡೌನ್ ಸಡಿಲವಾಗಿ ಬಸ್ಸುಗಳು ಆಗಷ್ಟೇ ಓಡತೊಡಗಿದ್ದವು. ಬೆಳಿಗ್ಗೆಯೇ ಚಿತ್ರದುರ್ಗದಲ್ಲಿ ಹೊಳಲ್ಕೆರೆ ಬಸ್ಸು ಹತ್ತಿದೆ. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಹಂಗಾಮಿ ಕೆಲಸ ನನ್ನದು. ಸೋಂಕಿತನ ಫೋನಿನ ಹತ್ತಿರ ಯಾರ ಫೋನು ಬಹಳ ಹೊತ್ತು ಇತ್ತೋ ಅವರಿಗೆ ನಮ್ಮ ಆ್ಯಪ್ ತಾನಾಗಿಯೇ ಎಚ್ಚರಿಕೆಯ ಮೆಸೇಜ್ ಕಳಿಸುತ್ತಿತ್ತು. ಹಾಲುರಾಮೇಶ್ವರದ ಹತ್ತಿರದ ಹಳ್ಳಿಯೊಂದರಲ್ಲಿ ಅಂಗಡಿಯ ನಾಗರಾಜ ಆಸ್ಪತ್ರೆ ಸೇರಿದ್ದ. ಇಡೀ ಬೀದಿಗೇ ಮೆಸೇಜ್ ಹೋಗಿತ್ತು. ಅವರನ್ನೆಲ್ಲ ಕ್ವಾರಂಟೈನಿಗೆ ಒಪ್ಪಿಸುವುದು ನನ್ನ ಪಾಲಿಗೆ ಬಂದಿತ್ತು.

ಹೊಳಲ್ಕೆರೆಯ ಹೋಟೆಲಿನಲ್ಲಿ ಕೂರಲು ಬಿಡಲಿಲ್ಲ. ಮಂಡಕ್ಕಿ ಕಟ್ಟಿಸಿಕೊಂಡು ಹೊಸದುರ್ಗದ ಬಸ್ಸಿನಲ್ಲಿ ತಿಂದೆ. ಮೋಡ ಮುಚ್ಚಿದ ಸೆಕೆ. ಯಾರಾದರೂ ಕೆಮ್ಮಿದರೆ ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತಿತ್ತು. ಹೊಸದುರ್ಗದಿಂದ ಮುಂದಕ್ಕೆ ಆಟೊ ಹಿಡಿದೆ.

ಹಳ್ಳಿಯಲ್ಲಿ ಯಾರೂ ಕುಳಿತುಕೊಳ್ಳಿ ಎನ್ನಲಿಲ್ಲ. ರುದ್ರಪ್ಪ ಎಂಬ ಹಿರಿಯರು ಸಿಟ್ಟು ನುಂಗಿಕೊಂಡು ವಿವರಿಸಿದರು. ಟ್ರಾನ್ಸ್‌ಫಾರ್ಮರ್ ಸುಟ್ಟು ಊರಿಗೆ ಕರೆಂಟಿರಲಿಲ್ಲವಂತೆ. ಸೋಲಾರ್ ಇದ್ದದ್ದು ನಾಗರಾಜನ ಅಂಗಡಿಯಲ್ಲಿ ಮಾತ್ರ. ಬೀದಿಯವರೆಲ್ಲ ಸಂಜೆ ಅಲ್ಲಿ ಫೋನು ಚಾರ್ಜಿಗಿಟ್ಟು ಬೆಳಿಗ್ಗೆ ಒಯ್ಯುತ್ತಿದ್ದರು. ಅವನ ಫೋನೂ ಅದೇ ಸಾಲಿನಲ್ಲಿ ಇರುತ್ತಿತ್ತು.

"ರಾತ್ರಿಯೆಲ್ಲ ಜೊತಿಗಿದ್ದಿದ್ದು ಫೋನುಗಳು ಕಣ್ರಿ, ನಾವಲ್ಲ," ಎಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗಿತ್ತು. ನನಗೆ ನಗು ಬಂತು, ಅವರೂ ನಕ್ಕರು. ಹಾಗಾದರೆ ನಾಗರಾಜನ ಜೊತೆ ನಿಜವಾಗಿ ಇದ್ದವರು ಯಾರು ಎಂದು ಕೇಳಿದೆ. ಜ್ವರದಲ್ಲಿ ಅವನಿಗೆ ಗಂಜಿ ಕುಡಿಸಿ ಮೈ ಒರೆಸಿದವಳು ತಂಗಿ ಗಂಗಮ್ಮ. ಅವಳಿಗೆ ಫೋನೇ ಇರಲಿಲ್ಲ. ಅಣ್ಣ ಆಸ್ಪತ್ರೆ ಸೇರಿದ ಮೇಲೆ ಹಸುಗೂಸನ್ನು ಎತ್ತಿಕೊಂಡು ಹಿರಿಯೂರಿನ ಗಂಡನ ಮನೆಗೆ ಹೋಗಿದ್ದಳು. ಗಂಡನ ನಂಬರಿಗೆ ಕರೆ ಮಾಡಿದೆ; ಸ್ವಿಚ್ ಆಫ್. ನನಗೆ ಹೆದರಿಕೆಯಾಯಿತು.

ಹಿರಿಯೂರು ಬಸ್ಸು ಮಾರಿಕಣಿವೆಯ ದಾರಿಯಲ್ಲಿ ಕೈ ತೋರಿಸಿದಲ್ಲೆಲ್ಲ ನಿಂತಿತು. ಪ್ರತಿ ಸಲವೂ ನಾನು ಮನಸ್ಸಿನಲ್ಲೇ ಡ್ರೈವರನ್ನು ಬೈದೆ. ಮನೆ ಹುಡುಕುವಷ್ಟರಲ್ಲಿ ಸಂಜೆಯಾಗಿತ್ತು.

ಗಂಗಮ್ಮ ಗೋಡೆಗೊರಗಿ ಕುಳಿತಿದ್ದಳು. ಮಾತುಮಾತಿಗೂ ಏದುಸಿರು. ಕೂಸು ಮಡಿಲಲ್ಲಿ ಮಲಗಿತ್ತು. ಆಂಬುಲೆನ್ಸಿಗೆ ಹೇಳಿ, ನಾನು ಬಂದ ಕಾರಣವನ್ನೂ ಊರಿನ ಮೆಸೇಜಿನ ಕಥೆಯನ್ನೂ ತಿಳಿಸಿದೆ. ಆಕೆ ತಲೆಯೆತ್ತಿ ಕೇಳಿದಳು.

"ಮೈ ಮುಟ್ಟಿದ್ದು ನಾನು. ನನಗ್ಯಾಕೆ ಹೇಳ್ಲಿಲ್ಲ ಸಾರ್?"

ಅವಳ ಅತ್ತೆ ಕೂಸನ್ನು ಇಸಿದುಕೊಂಡರು, ಆಂಬುಲೆನ್ಸ್ ಹೊರಟಿತು. ನಾನು ಕೊನೆಯ ಬಸ್ಸಿಗೆ ಚಿತ್ರದುರ್ಗಕ್ಕೆ ಮರಳಿದೆ.

ನಾಗರಾಜ ಗುಣವಾಗಿ ಬಂದು ಅಂಗಡಿ ತೆರೆದ. ಗಂಗಮ್ಮ ಆಸ್ಪತ್ರೆಯಿಂದ ಬರಲೇ ಇಲ್ಲ.