ಚಿಗವ್ವನ ಕೈಗುಣ

ಲಟ್ಟಣಿಗೆಯ ಕೆಳಗೆ ಕೊತ್ತಂಬರಿ ಕಾಳು ಒಡೆದು ಎರಡು ಹೋಳಾದಾಗ ಎದ್ದ ವಾಸನೆ... ಈಚೆಗೆ ಶಿಗ್ಗಾಂವದ ಬಾಡಿಗೆ ಮನೆಯ ಮಾಳಿಗೆಯ ಮೇಲೆ ನಾಲ್ಕಾರು ಕುಂಡ ಇಟ್ಟು ತೋಟ ಶುರು ಮಾಡಿದ್ದೇನೆ. ಹೊಸಬರಿಗೆ ಮೆಂತ್ಯೆ, ರಾಜಗಿರಿ, ಪುದೀನಾ ಸುಲಭ. ಹೆಚ್ಚು ಕಾಡದೆ ಬರುತ್ತವೆ. ಕೊತ್ತಂಬರಿ ಸ್ವಲ್ಪ ಸತಾಯಿಸುತ್ತದೆ. ಇಡೀ ಕಾಳು ಹಾಕಿದರೆ ಕೆಲವೊಮ್ಮೆ ಮೊಳೆಯುವುದೇ ಇಲ್ಲ. ಅದಕ್ಕೇ ಒಡೆಯುತ್ತಿದ್ದೆ. ಅಂಗೈ ಮೂಸಿ ನೋಡಿದೆ. ಈ ವಾಸನೆ ಹಿಂದೊಮ್ಮೆಯೂ ಕೈಗೆ ಅಂಟಿತ್ತು ಅನ್ನಿಸಿತು. ಅಂಟಿತ್ತೇ?

ಹಿರೇಕೆರೂರಿನ ನಮ್ಮ ಮನೆಯ ಹಿಂದೆ ಒಬ್ಬಳು ಚಿಗವ್ವ ಇದ್ದಳು. ಸಂಬಂಧವೇನಿಲ್ಲ, ನಾನು ಹಾಗೆ ಕರೆಯುತ್ತಿದ್ದೆ. ಗಂಡ ಲಾರಿ ಡ್ರೈವರ್, ಮನೆಯಲ್ಲಿದ್ದದ್ದೇ ಕಡಿಮೆ. ಮಕ್ಕಳಿರಲಿಲ್ಲ. ಓಣಿಯಲ್ಲಿ ಯಾರದಾದರೂ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಆಕೆಯನ್ನು ಕರೆಯಲು ಹೆಂಗಸರು ಹೇಗೋ ಮರೆಯುತ್ತಿದ್ದರು. ಆದರೆ ರೋಹಿಣಿ ಮಳೆ ಬಿತ್ತೆಂದರೆ ಮನೆಮನೆಯಿಂದ ಕರೆ. ಹಿತ್ತಲಿನ ಹೀರೆ, ಬಸಳೆ, ಮೆಣಸಿನ ಸಸಿ, ಎಲ್ಲದಕ್ಕೂ ಮೊದಲ ಕೈ ಆಕೆಯದೇ ಆಗಬೇಕು. ಚಿಗವ್ವನ ಕೈಗುಣ ಚಲೋ ಎಂದು ಎಲ್ಲರೂ ನಂಬಿದ್ದರು. ಆ ದಿನಗಳಲ್ಲಿ ಆಕೆ ತಲೆ ಬಾಚಿ, ಇಸ್ತ್ರಿ ಸೀರೆ ಉಟ್ಟು ಹೊರಡುತ್ತಿದ್ದಳು. ಸೀರೆಯ ವಿಷಯ ನಾನೇ ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ನಾನಾಗ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಬೇಸಿಗೆ ರಜೆಗೆ ಬಂದವನು, ನಮ್ಮ ಅಂಗಳದಲ್ಲಿ ಶಾವಿಗೆ ಹೊಸೆಯುತ್ತಿದ್ದ ಹೆಂಗಸರ ಮುಂದೆ ಕೈಗುಣವೆಲ್ಲ ಸುಳ್ಳು, ಇರುವುದೆಲ್ಲ ಬೀಜದಲ್ಲಿ ಎಂದು ವಾದಕ್ಕಿಳಿದೆ. ಪರೀಕ್ಷೆ ಮಾಡೋಣ ಎಂದವನೂ ನಾನೇ. ಚಿಗವ್ವ ನಕ್ಕಳು. "ಆತಪಾ ಶಾಣ್ಯಾ, ಹಾಕಿ ನೋಡೂನು. ಸೋತರ ನೀನ ನನ್ನ ಕುಂಡಕ್ಕ ವರ್ಷಾನುಗಟ್ಲೆ ನೀರ ಹೊರಬೇಕ ಮತ್ತ."

ನಮ್ಮ ಅಂಗಳದಲ್ಲಿ ಒಂದೇ ಅಳತೆಯ ಎರಡು ಕುಂಡ, ಒಂದೇ ಮಣ್ಣು, ಅವ್ವನ ಡಬ್ಬಿಯಿಂದ ನಾನೇ ಎರಡು ಪಾಲು ಮಾಡಿದ ಕೊತ್ತಂಬರಿ. ನನ್ನ ಕುಂಡ ಹಸಿರಾಯಿತು. ಆಕೆಯದು ಮಣ್ಣಾಗಿಯೇ ಉಳಿಯಿತು. "ಏನವಾ, ನಿನ್ನ ಕೈಯೂ ರಜಾಕ್ಕ ಹೋತೇನ?" ಎಂದು ಯಾರೋ ಅಣಕಿಸಿದರು. ಎಲ್ಲರೂ ನಕ್ಕರು, ಚಿಗವ್ವನೂ ನಕ್ಕಳು.

ಮಳೆ ಬಿದ್ದ ಮೇಲೆ ಅವ್ವ ಎಂದಿನಂತೆ ಹೀರೆ ಬೀಜ ಹಾಕಲು ಕರೆದಳು. ಚಿಗವ್ವ ತನ್ನ ಬಾಗಿಲು ದಾಟಲಿಲ್ಲ. "ನಿನ್ನ ಮಗನ ಕೈಲೇ ಹಾಕಸಕ್ಕಾ. ನನ್ನ ಕೈ ಬ್ಯಾಡ," ಅಂದಳಂತೆ. ಉಳಿದವರು ಕರೆಯಲೇ ಇಲ್ಲ. ಅವ್ವ ನನ್ನನ್ನು ಬೈಯಲಿಲ್ಲ. ಬೀಜದ ಗಂಟನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು. ಆ ವರ್ಷ ನಮ್ಮ ಹೀರೆ ಬಳ್ಳಿ ಚಪ್ಪರ ತುಂಬ ಹಬ್ಬಿತ್ತು.

ಈಗ ನನ್ನನ್ನು ಕಾಡುವುದು ಈ ವಾಸನೆ. ಅಂದು ಬಿತ್ತುವ ಮೊದಲು ನಾನು ಕಾಳು ಒಡೆದಿದ್ದೆನೇ? ಒಡೆದಿದ್ದರೆ ಎರಡು ಪಾಲನ್ನೂ ಒಡೆದೆನೇ, ನನ್ನದನ್ನು ಮಾತ್ರವೇ? ಅಥವಾ ಒಡೆಯುವುದು ನನಗೆ ಆಗ ಗೊತ್ತೇ ಇರಲಿಲ್ಲವೇ, ಈಗಿನ ವಾಸನೆಯನ್ನು ಅಂದಿನ ಕೈಗೆ ಹಚ್ಚುತ್ತಿದ್ದೇನೆಯೇ... ಕೇಳೋಣವೆಂದರೆ ಯಾರೂ ಇಲ್ಲ. ಅವ್ವ ಇಲ್ಲ. ಚಿಗವ್ವ ಗಂಡನೊಂದಿಗೆ ಹಾನಗಲ್ ಕಡೆ ಹೋದಳು, ಅಲ್ಲೇ ತೀರಿಕೊಂಡಳು. ಅಲ್ಲಿ ಯಾರಾದರೂ ಆಕೆಯಿಂದ ಬೀಜ ಹಾಕಿಸಿಕೊಂಡರೋ ಇಲ್ಲವೋ, ಬದುಕಿದ್ದಾಗ ನಾನು ವಿಚಾರಿಸಲಿಲ್ಲ. ಪರೀಕ್ಷೆ ನ್ಯಾಯವಾಗಿಯೇ ನಡೆದಿತ್ತು ಎಂದುಕೊಂಡರೂ ಸಮಾಧಾನವಿಲ್ಲ. ಓಣಿಯ ಮನೆಗಳೊಳಗೆ ಆಕೆಯನ್ನು ಕರೆದೊಯ್ಯುತ್ತಿದ್ದದ್ದು ಆ ಕೈಗುಣವೊಂದೇ. ಅದು ನನಗೆ ಗೊತ್ತಿತ್ತು.

ಈಚೆಗೆ ಮಾಳಿಗೆಯ ಮೇಲೆ ಆ ಕಾಳು ಒಡೆದು ಮುಗಿಸುವಷ್ಟರಲ್ಲಿ ಪಕ್ಕದ ಮನೆಯಾಕೆ ತಮ್ಮ ಮಾಳಿಗೆಯಿಂದ ನನ್ನ ಮೆಂತ್ಯೆ ನೋಡಿ, "ಸರ, ನಿಮ್ಮ ಕೈಗುಣ ಚಲೋ ಐತ್ರಿ. ನಮ್ಮ ಕುಂಡ್ಯಾಗೂ ನೀವ ನಾಕ ಕಾಳ ಹಾಕಿ ಕೊಡ್ರಿ," ಅಂದರು. ಕೈಗುಣ ಅಂತ ಏನೂ ಇಲ್ಲ ಎಂಬ ಮಾತು ನಾಲಿಗೆಯವರೆಗೂ ಬಂತು. ಅಂಗಿ ಬದಲಿಸಿ ಹೋದೆ. ಒಡೆದ ಕಾಳಿನಲ್ಲಿ ಅರ್ಧ ಅವರ ಕುಂಡಕ್ಕೆ ಹಾಕಿದೆ. ಒಳಗೆ ಕರೆದು ಕೂರಿಸಿ ಚಹಾ ಕೊಟ್ಟರು.

ನನ್ನ ಕೊತ್ತಂಬರಿ ಮೊಳೆತಿದೆ. ಅವರದು ಇನ್ನೂ ಇಲ್ಲ. ಬೀಜ ಒಂದೇ. ಮಣ್ಣು, ನೀರು, ಬಿಸಿಲು, ಏನೋ ಒಂದು ಕಾರಣ ಇರಬೇಕು. ಆದರೂ ಬೆಳಗಾದರೆ ಹಲ್ಲುಜ್ಜುವ ಮೊದಲೇ ಮಾಳಿಗೆಗೆ ಹೋಗಿ, ಗೋಡೆಯ ಮೇಲಿಂದ ಬಗ್ಗಿ ಅವರ ಕುಂಡ ನೋಡುತ್ತೇನೆ.

ಆ ಬೇಸಿಗೆಯಲ್ಲಿ ಚಿಗವ್ವ ಬೆಳಗಾದರೆ ನಮ್ಮ ಅಂಗಳಕ್ಕೆ ಬಂದು ತನ್ನ ಕುಂಡದ ಮುಂದೆ ಕೂರುತ್ತಿದ್ದಳು. ನೀರು ಹಾಕಲು ಬರುತ್ತಾಳೆ ಎಂದುಕೊಂಡಿದ್ದೆ.